ಪಾರಿಗೆ ಬರೆದುಕೊಟ್ಟ ಗುಳಿಗೆ

ಕೋವಿಡ್ಡಿನ ಎರಡನೆಯ ಅಲೆ ಇಳಿದ ಮರುವರ್ಷ ನಾನು ಜಮಖಂಡಿ ತಾಲ್ಲೂಕಿನ ಹುನ್ನೂರ ಕಡೆಯ ಹಳ್ಳಿಗಳಿಗೆ ಪಶುವೈದ್ಯಾಧಿಕಾರಿಯಾಗಿದ್ದೆ. ಸೇವೆಗೆ ಸೇರಿ ಇಪ್ಪತ್ತೆರಡು ವರ್ಷ ತುಂಬಿತ್ತು. ಹಳ್ಳಿಯವರಿಗೆ ನಾನು ಡಾಕ್ಟರ್ ಬಾಯಾರು. ಎಮ್ಮೆ, ಆಕಳು, ಕುರಿ, ಆಡು ಇವೇ ನನ್ನ ದಿನಚರಿ. ಬೆಳಿಗ್ಗೆ ಲಸಿಕೆ, ಮಧ್ಯಾಹ್ನ ಕೃತಕ ಗರ್ಭಧಾರಣೆ, ಸಂಜೆ ರಿಜಿಸ್ಟರು. ನಾಯಿಗಳು ನನ್ನ ಹತ್ತಿರ ಬರುತ್ತಿದ್ದದ್ದು ರೇಬೀಸ್ ಲಸಿಕೆಗೆ, ಇಲ್ಲವೇ ಬೇಲಿಯ ತಂತಿಗೆ ಸಿಕ್ಕಿ ಚರ್ಮ ಹರಿದುಕೊಂಡಾಗ. ನಾಯಿಗೂ ಮನಸ್ಸಿನ ಕಾಯಿಲೆ ಬರುತ್ತದೆ, ಅದಕ್ಕೂ ಔಷಧವಿದೆ ಎಂದು ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಪಾಠ ಕೇಳಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅಂಥ ಚೀಟಿ ಬರೆದಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು, ಕುಕ್ಕರು ಕೂಗುವುದರೊಳಗೆ ಆ ದಿನ ನೋಡಿದ ಪ್ರಾಣಿಗಳ ವಿವರ ಬರೆದಿಡುವುದು ನನ್ನ ಹಳೆಯ ರೂಢಿ. ತೂಕ, ಉಷ್ಣಾಂಶ, ಏನು ತಿಂದಿತು, ಯಾರು ಹಿಡಿದುಕೊಂಡಿದ್ದರು, ಎಲ್ಲ. ಇಲ್ಲಿ ಹೇಳುವ ಲೆಕ್ಕಗಳು ಆ ನೋಟುಬುಕ್ಕಿನವು.

ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿ ಎರಡು ವಾರವಾಗಿತ್ತು. ಬೀರಪ್ಪ ಒಬ್ಬನೇ ಆಸ್ಪತ್ರೆಗೆ ಬಂದ. ನಲವತ್ತೈದರ ಆಸುಪಾಸಿನ ಕುರಿಗಾರ. ತೊಂಬತ್ತು ಕುರಿ, ಮೂರು ನಾಯಿ. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಹೊಲದಿಂದ ಹೊಲಕ್ಕೆ ಹೋಗುವವನು. ಕುರಿಯ ಕಾಯಿಲೆ ನನಗಿಂತ ಅವನಿಗೇ ಮೊದಲು ತಿಳಿಯುತ್ತಿತ್ತು. ಹಾಗಾಗಿ ಅವನು ಬಂದರೆ ಔಷಧದ ಹೆಸರು ಹೇಳಿ ಕೇಳಿ ಪಡೆಯುವುದೇ ವಾಡಿಕೆ. ಅಂದೂ ಹಾಗೆಯೇ ಕೇಳಿದ. ನಾಯಿಯನ್ನು ಮಲಗಿಸುವ ಇಂಜೆಕ್ಷನ್ ಬೇಕು, ಮತ್ತೆ ಏಳದ ಹಾಗೆ.

ನಾಯಿ ಯಾವುದೆಂದು ಕೇಳಿದೆ. ಪಾರಿ ಎಂದ. ನನಗೆ ಗೊತ್ತಿದ್ದ ನಾಯಿಯೇ. ನಾಲ್ಕು ವರ್ಷದ ಮುಧೋಳ ತಳಿಯ ಹೆಣ್ಣು. ಎಂಟು ತಿಂಗಳ ಹಿಂದೆ ಶಿಬಿರದಲ್ಲಿ ನಾನೇ ರೇಬೀಸ್ ಲಸಿಕೆ ಹಾಕಿದ್ದೆ. ಆಗ ಸೂಜಿ ಚುಚ್ಚಿದರೂ ಮುಖ ತಿರುಗಿಸಿ ನಿಂತಿತ್ತೇ ಹೊರತು ಗುರ್ ಎಂದಿರಲಿಲ್ಲ.

ನಡೆದದ್ದನ್ನು ಅವನು ತುಂಡುತುಂಡಾಗಿ ಹೇಳಿದ. ಹಿಂದಿನ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದರ ಟೈರು ಪಾರಿ ಮಲಗಿದ್ದ ಜಾಗದ ಪಕ್ಕದಲ್ಲೇ ಸಿಡಿದಿತ್ತು. ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರು ನೋಡಿದವರಿಗೆ ಗೊತ್ತು: ಹಿಂದೆ ಎರಡು ಟ್ರೇಲರು ಕಬ್ಬು, ಡ್ರೈವರನ ಸುತ್ತ ಸೌಂಡ್ ಬಾಕ್ಸು, ಒಂದು ಮೈಲಿಗೆ ಕೇಳುವ ಹಾಡು. ಟೈರು ಸಿಡಿದಾಗಲೂ ಹಾಡು ನಡೆದೇ ಇತ್ತಂತೆ. ಅಂದಿನಿಂದ ಪಾರಿಗೆ ಆ ಸಪ್ಪಳವೆಂದರೆ ಜೀವಭಯ. ಈ ವರ್ಷ ಹಂಗಾಮು ಶುರುವಾದ ಮೇಲೆ ದೂರದ ಹಾಡು ಕಿವಿಗೆ ಬಿದ್ದರೂ ಮೈ ನಡುಗುವುದು, ಜೊಲ್ಲು ಸುರಿಯುವುದು, ನೆಲ ಕೆದರುವುದು. ಹತ್ತಿರ ಬಂದರೆ ಹಿಂದೆಮುಂದೆ ನೋಡದೆ ಕುರಿಗಳ ನಡುವೆ ಹಾದು ಓಡುವುದು. ಓಡುವ ನಾಯಿಗೆ ಬೆದರಿ ಕುರಿ ರಸ್ತೆಗೆ ನುಗ್ಗಿ ಎರಡು ಕುರಿಗೆ ಕಾಲು ಮುರಿದಿತ್ತು. ಮೂರು ದಿನದ ಹಿಂದೆ ಬೀರಪ್ಪನ ಹೆಂಡತಿ ಲಕ್ಕವ್ವ ಓಡದಂತೆ ಕುತ್ತಿಗೆ ತಬ್ಬಿ ಹಿಡಿದಳು. ಪಾರಿ ಅವಳ ಬಲಗೈ ಕಚ್ಚಿತು.

"ಕುರಿ ಹ್ವಾದ್ರ ಮತ್ತ ತರಬಹುದ್ರಿ ಬಾಯಾರ," ಅಂದ. "ಆಕಿ ಕೈ ಹ್ವಾದ್ರ ಎಲ್ಲಿಂದ ತರೂದ್ರಿ?"

ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದಿದ್ದರೇ, ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದರೇ ಎಂದು ಕೇಳಿದೆ. ಹೋಗಿದ್ದರು. ಎರಡು ಇಂಜೆಕ್ಷನ್ ಆಗಿತ್ತು, ಉಳಿದವಕ್ಕೆ ದಿನ ಬರೆದುಕೊಟ್ಟಿದ್ದರು. ಆಗ ಒಂದು ನಿಯಮ ನನ್ನ ನೆರವಿಗೆ ಬಂತು. ಮನುಷ್ಯರನ್ನು ಕಚ್ಚಿದ ನಾಯಿಯನ್ನು, ಲಸಿಕೆ ಆಗಿದ್ದರೂ, ಹತ್ತು ದಿನ ಜೀವಂತವಾಗಿಟ್ಟು ನೋಡಬೇಕು. ಆ ಹತ್ತು ದಿನ ಅದು ಚೆನ್ನಾಗಿದ್ದರೆ ಕಚ್ಚಿಸಿಕೊಂಡವರಿಗೆ ರೇಬೀಸಿನ ಭಯವಿಲ್ಲ. ಹೆಂಡತಿಯ ಸಲುವಾಗಿ ಇನ್ನೊಂದು ವಾರ ತಡಿ ಎಂದೆ. ಬೀರಪ್ಪ ಅದನ್ನು ಒಪ್ಪಿದ.

ಮರುದಿನ ಹುನ್ನೂರ ಹತ್ತಿರದ ಹೊಲದಲ್ಲಿದ್ದ ಅವರ ಕುರಿಹಟ್ಟಿಗೆ ಸ್ಕೂಟರಿನಲ್ಲಿ ಹೋದೆ. ಉಳಿದೆರಡು ನಾಯಿ, ಕರಿಯಾ ಮತ್ತು ಮೋತ್ಯಾ, ಭಾರಿ ಗಾತ್ರದ ಊರ ತಳಿಯವು. ಐದು ನಿಮಿಷ ನನ್ನನ್ನು ಗಾಡಿಯಿಂದ ಕಾಲಿಳಿಸಲು ಬಿಡಲಿಲ್ಲ. ಲಕ್ಕವ್ವ ಬ್ಯಾಂಡೇಜಿನ ಕೈಯನ್ನೇ ಎತ್ತಿ ಗದರಿದ ಮೇಲೆ ಹಿಂದೆ ಸರಿದವು. ಪಾರಿ ಕಂಬಳಿಯ ಗೂಡಿನ ಮೂಲೆಯಲ್ಲಿತ್ತು. ಗೋಧಿಬಣ್ಣ, ಮುಷ್ಟಿಯಲ್ಲಿ ಹಿಡಿಯುವಂಥ ನಡು, ಉದ್ದ ಮೋರೆ. ಅದನ್ನು ಎತ್ತಿಕೊಂಡು ಮನೆಯಿಂದ ಒಯ್ದಿದ್ದ ತೂಕದ ಯಂತ್ರದ ಮೇಲೆ ನಿಂತೆ. ನನ್ನ ತೂಕ ಕಳೆದರೆ ಇಪ್ಪತ್ತು ಕಿಲೊ ಬಂತು. ನನ್ನ ತೂಕ ಎಷ್ಟೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ, ಲಕ್ಕವ್ವ ಅಂಕಿ ನೋಡಿ ನಕ್ಕಿದ್ದು ಸಾಕು.

ನಾಯಿ ಕಚ್ಚಿದರೆ ಮೊದಲು ನೋವು ಹುಡುಕಬೇಕು. ಕಿವಿ, ಹಲ್ಲು, ಬೆನ್ನೆಲುಬು, ಕೀಲು ಒತ್ತಿ ನೋಡಿದೆ. ರಕ್ತ ತೆಗೆದು ಜಮಖಂಡಿಯ ಪ್ರಯೋಗಾಲಯಕ್ಕೆ ಕಳಿಸಿದೆ. ಯಕೃತ್ತು, ಮೂತ್ರಪಿಂಡ ಎಲ್ಲ ಸರಿಯಿತ್ತು. ಕೊನೆಗೆ ಮೊಬೈಲಿನಲ್ಲಿ ಟ್ರ್ಯಾಕ್ಟರಿನವರು ಹಾಕುವಂಥ ಒಂದು ಹಾಡನ್ನು ಸಣ್ಣ ದನಿಯಲ್ಲಿ ಹಚ್ಚಿದೆ. ನಿಮಿಷಕ್ಕೆ ಇಪ್ಪತ್ನಾಲ್ಕಿದ್ದ ಉಸಿರು ತೊಂಬತ್ತಾರಕ್ಕೆ ಏರಿತು. ಕಣ್ಣಿನ ಪಾಪೆ ಅಗಲವಾಯಿತು. ಹಾಡು ನಿಲ್ಲಿಸಿದ ಮೇಲೂ ನಡುಕ ನಿಲ್ಲಲು ಹನ್ನೊಂದು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ಲಕ್ಕವ್ವ ಕಚ್ಚಿಸಿಕೊಂಡ ಕೈಯನ್ನು ಅದರ ಬೆನ್ನಿನ ಮೇಲಿಟ್ಟು ಕುಳಿತಿದ್ದಳು. ಒತ್ತಲಿಲ್ಲ, ಸವರಲಿಲ್ಲ, ಸುಮ್ಮನೆ ಇಟ್ಟಿದ್ದಳು.

ಆ ಸಂಜೆ ಪಶುವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಸಹಪಾಠಿಗೆ ಫೋನು ಮಾಡಿದೆ. ಅರ್ಧ ತಾಸು ವಿವರಿಸಿದಳು. ಇದು ಸೊಕ್ಕೂ ಅಲ್ಲ, ಕೆಟ್ಟ ಚಾಳಿಯೂ ಅಲ್ಲ. ಸಪ್ಪಳದ ಭಯವೆಂಬ ಕಾಯಿಲೆ. ಭಯ ಗಂಟಲವರೆಗೆ ತುಂಬಿದ ಪ್ರಾಣಿಯ ತಲೆಗೆ ಯಾವ ಪಾಠವೂ ಇಳಿಯುವುದಿಲ್ಲ. ಗುಳಿಗೆ ಆ ಭಯವನ್ನು ಸ್ವಲ್ಪ ಇಳಿಸಿ ಪಾಠಕ್ಕೆ ಜಾಗ ಮಾಡಿಕೊಡುತ್ತದೆ, ಪಾಠ ಮಾತ್ರ ನಾವೇ ಕಲಿಸಬೇಕು. ಗುಳಿಗೆ ಫ್ಲೂಆಕ್ಸಿಟಿನ್, ಮನುಷ್ಯರಿಗೆ ಕೊಡುವುದೇ. ಮೆದುಳಿನಲ್ಲಿ ಸಿರೊಟೊನಿನ್ ಎಂಬ ರಾಸಾಯನಿಕ ಬೇಗ ಖರ್ಚಾಗದಂತೆ ತಡೆಯುತ್ತದೆ. ಪಾರಿಯ ತೂಕಕ್ಕೆ ದಿನಕ್ಕೆ ಇಪ್ಪತ್ತು ಮಿಲಿಗ್ರಾಮ್. ಜ್ವರದ ಗುಳಿಗೆಯಂತೆ ಒಂದು ತಾಸಿನಲ್ಲಿ ಗುಣ ಕಾಣಿಸದು. ನಾಲ್ಕರಿಂದ ಆರು ವಾರ ಬೇಕು. ಮೊದಲು ಹಸಿವು ಕಡಿಮೆಯಾಗಬಹುದು, ಮಂಕಾಗಬಹುದು. ನಡುವೆ ತಟ್ಟನೆ ನಿಲ್ಲಿಸಬಾರದು.

ಹತ್ತು ದಿನ ಕಳೆದವು, ಪಾರಿ ಚೆನ್ನಾಗಿತ್ತು. ನಾನು ಚೀಟಿ ಬರೆದೆ. ನಮ್ಮ ಆಸ್ಪತ್ರೆಯ ಸಹಾಯಕ ಮಹಾದೇವ ಅದನ್ನು ಓದಿ, ಇಂಥದೊಂದು ನಮ್ಮ ಮೇಲಿನ ಸಾಹೇಬರಿಗೂ ಬರೆಯಿರಿ, ಮೀಟಿಂಗಿನಲ್ಲಿ ಬೊಗಳುವುದು ಕಡಿಮೆಯಾದೀತು ಎಂದ. ಔಷಧದಂಗಡಿಯವರು ರೋಗಿಯ ಹೆಸರು ಪಾರಿ, ವಯಸ್ಸು ನಾಲ್ಕು ಎಂದು ಓದಿ ಗಾಬರಿಯಾಗಿ ನನಗೆ ಫೋನು ಮಾಡಿದರು. ಹುಚ್ಚಿನ ಗುಳಿಗೆಯಂತೆ ಎಂದು ಹುನ್ನೂರಲ್ಲಿ ನಾಲ್ಕು ಜನ ಆಡಿಕೊಂಡರು. ಲಕ್ಕವ್ವ ಮಾತ್ರ ಏನೂ ಗಾಬರಿಯಾಗದೆ ಎರಡೇ ಪ್ರಶ್ನೆ ಕೇಳಿದಳು. ಎಷ್ಟು ದಿನ? ಒಂದು ದಿನ ಮರೆತರೆ ಏನು ಮಾಡಬೇಕು? ಅವಳಿಗೆ ಪೂರ್ತಿ ಅರ್ಥವಾಗಿಲ್ಲವೆಂದು ನಾನು ತಿಳಿದುಕೊಂಡೆ. ತಿಳಿಯದವಳು ನಾನಾಗಿದ್ದೆ.

ದಿನಾ ಮುಂಜಾನೆ ಊಟದಲ್ಲಿ ಹಾಕಿ ಒಂದು ಗುಳಿಗೆ ಕೊಡು ಎಂದೆ. ಜೊತೆಗೆ ಪಾಠ: ಮೊಬೈಲಿನಲ್ಲಿ ಆ ಹಾಡನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಚ್ಚಬೇಕು, ಹಾಡು ನಡೆದಷ್ಟು ಹೊತ್ತು ಬೆಣ್ಣೆ ಹಚ್ಚಿದ ರೊಟ್ಟಿಯ ಚೂರು ಕೊಡುತ್ತಿರಬೇಕು. ನಡುಗಿದರೆ ನಿಲ್ಲಿಸಬೇಕು. ನಡುಗದಿದ್ದರೆ ಎರಡು ದಿನಕ್ಕೊಮ್ಮೆ ಒಂದಿಷ್ಟು ದನಿ ಏರಿಸಬೇಕು.

ಲಕ್ಕವ್ವನಿಗೆ ಬರೆಯಲು ಬಾರದು. ದಿನಾ ಸಂಜೆ ವಾಟ್ಸಾಪಿನಲ್ಲಿ ದನಿ ಕಳಿಸುತ್ತಿದ್ದಳು, ನಾನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಂಬತ್ತನೆಯ ದಿನದ್ದು ಹೀಗಿದೆ: "ಬಾಯಾರ, ಇವತ್ತಿನ ಗುಳಗಿ ಆತ್ರಿ. ಎರಡ ಟ್ಯಾಕ್ಟರ್ ಹ್ವಾದು. ಪಾರಿ ಕಂಬಳ್ಯಾಗ ಹೊಕ್ಕೊಂಡು ಕುಂತಾಳ್ರಿ. ಅರ್ಧಾ ರೊಟ್ಟಿ ತಿಂದಾಳ. ನಿಮ್ಮದು ಊಟ ಆತೇನ್ರಿ?" ಹಿನ್ನೆಲೆಯಲ್ಲಿ ಕುರಿ ಅರಚುವುದು, ಬೀರಪ್ಪ ಯಾರನ್ನೋ ಬೈಯುವುದು ಕೇಳುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಔಷಧ ಬರೆದುಕೊಟ್ಟ ಮನೆಯಿಂದ ಇಷ್ಟು ಕಟ್ಟುನಿಟ್ಟಾದ ವರದಿ ನನಗೆ ಅದುವರೆಗೆ ಬಂದಿರಲಿಲ್ಲ.

ಆದರೆ ವರದಿಯಲ್ಲಿ ಪಾರಿ ಇದ್ದಲ್ಲೇ ಇತ್ತು. ಹದಿನೈದನೆಯ ದಿನ ನಡುಕ. ಇಪ್ಪತ್ತೆರಡನೆಯ ದಿನ ನಡುಕ. ಇಪ್ಪತ್ತೊಂಬತ್ತನೆಯ ದಿನ ಟ್ರ್ಯಾಕ್ಟರು ಕಾಣುವ ಮೊದಲೇ ಓಟ.

ಮೂವತ್ತೊಂದನೆಯ ದಿನ ಲಕ್ಕವ್ವನ ಬದಲು ಬೀರಪ್ಪನೇ ಫೋನು ಮಾಡಿದ. ಬಂದು ಹೋಗಿರಿ ಎಂದಷ್ಟೇ ಹೇಳಿದ. ಹೋದೆ. ಕುರಿಹಟ್ಟಿಯ ಪಕ್ಕ ಗಾಡಿ ನಿಲ್ಲಿಸಿ, ಇಳಿದು, ಚೀಲ ತೆಗೆದುಕೊಂಡು ನಡೆದೆ. ಬೀರಪ್ಪ ಕುಳಿತಲ್ಲಿಂದ ಏಳಲಿಲ್ಲ. ಹಿಂದಿನ ದಿನ ನಸುಕಿನಲ್ಲಿ ತೋಳ ಬಂದು ಒಂದು ಮರಿ ಒಯ್ದಿತ್ತು. ನಾಯಿಗಳು ಎಚ್ಚರವಾಗಲೇ ಇಲ್ಲ. ಒಂದು ನಾಯಿ ಕುರಿ ಬೆದರಿಸುತ್ತದೆ, ಎರಡು ನಾಯಿ ತೋಳ ಬಂದರೂ ಮಲಗಿರುತ್ತವೆ. ಇನ್ನು ಹಟ್ಟಿ ಕಾಯುವವರು ಯಾರು ಎಂದು ಕೇಳಿದ. ಇಂಜೆಕ್ಷನ್ ನೀವು ಕೊಡುವುದಿಲ್ಲ, ಬೇಡ; ಸೋಮವಾರ ಚಿಕ್ಕಪಡಸಲಗಿಯ ಬ್ಯಾರೇಜು ದಾಟಿಸಿ, ಕೃಷ್ಣೆಯ ಆಚೆ ಬಿಟ್ಟು ಬರುತ್ತೇನೆ ಎಂದ. ಲಕ್ಕವ್ವ ಒಲೆಯ ಮುಂದೆ ನಮ್ಮ ಕಡೆ ಬೆನ್ನು ಮಾಡಿ ಕುಳಿತಿದ್ದಳು.

ನಾನು ಗುಳಿಗೆಯ ಖಾಲಿ ಸ್ಟ್ರಿಪ್ಪುಗಳನ್ನು ಕೇಳಿ ಪಡೆದು ಎಣಿಸಿದೆ. ಮೂವತ್ತು ದಿನಕ್ಕೆ ಮೂವತ್ತು ಗುಳಿಗೆ, ಒಂದೂ ಹೆಚ್ಚು ಕಡಿಮೆ ಇಲ್ಲ. ಹಾಗಾದರೆ ಪ್ರಮಾಣ ಸಾಲದು ಎಂದುಕೊಂಡೆ. ಚೀಟಿ ತೆಗೆದು ನಲವತ್ತು ಮಿಲಿಗ್ರಾಮ್ ಎಂದು ಬರೆದೂ ಬಿಟ್ಟೆ. ಆಗ ಮೋತ್ಯಾ ಎದ್ದು ಬಂದು ನನ್ನ ಚಪ್ಪಲಿಯ ಮೇಲೆ ಗಲ್ಲವೂರಿ ಮಲಗಿತು.

ಚೀಟಿಯನ್ನು ಕೊಡದೆ ಕೈಯಲ್ಲೇ ಹಿಡಿದೆ. ತಿಂಗಳ ಹಿಂದೆ ನನ್ನನ್ನು ಗಾಡಿಯಿಂದ ಇಳಿಸದ ನಾಯಿ. ಅಂದು ನಾನು ಯಾರ ಅಡ್ಡಿಯೂ ಇಲ್ಲದೆ ಇಳಿದು ಬಂದಿದ್ದು ಆಗಲೇ ಹೊಳೆದದ್ದು. ಕರಿಯಾ ಅಷ್ಟು ದೂರದಲ್ಲಿ ಮಲಗಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತ್ತು.

"ಲಕ್ಕವ್ವಾ," ಎಂದೆ, "ಗುಳಗಿ ಹ್ಯಾಂಗ ಕೊಡ್ತಿ, ಒಮ್ಮೆ ನನ್ನ ಮುಂದ ಮಾಡಿ ತೋರಸು."

ಅಂದಿನ ಗುಳಿಗೆ ಇನ್ನೂ ಕೊಟ್ಟಿರಲಿಲ್ಲ. ಅವಳು ಅಗಲವಾದ ಅಲ್ಯೂಮಿನಿಯಂ ಪರಾತ ತಂದಳು. ಜೋಳದ ನುಚ್ಚು ಸುರಿದಳು, ಮಜ್ಜಿಗೆ ಹಾಕಿದಳು, ನಿನ್ನೆಯ ರೊಟ್ಟಿ ಮುರಿದಳು. ಗುಳಿಗೆಯನ್ನು ಬಟ್ಟಲಿನ ತಳದಿಂದ ಅರೆದು, ಒಂದು ಕಣವೂ ಉಳಿಯದಂತೆ ಬೆರಳಿನಿಂದ ಒರೆಸಿ ಪರಾತಕ್ಕೆ ಹಾಕಿ ಚೆನ್ನಾಗಿ ಕಲೆಸಿದಳು. ಆಮೇಲೆ ಮೂರೂ ನಾಯಿಗಳ ಹೆಸರು ಕೂಗಿದಳು. ಕರಿಯಾ, ಮೋತ್ಯಾ ಎರಡೂ ಕಡೆಯಿಂದ ಮೋರೆ ಹಾಕಿ ಬಾಚಿದವು. ಪಾರಿ ಹಿಂದೆ ನಿಂತಿತ್ತು. ಅವು ಸರಿದ ಮೇಲೆ ಬಂದು ಪರಾತದ ಅಂಚು ನೆಕ್ಕಿತು.

ಮೂರಕ್ಕೂ ಒಂದರಲ್ಲೇ ಯಾಕೆ ಎಂದು ಕೇಳಿದೆ. ಲಕ್ಕವ್ವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ಮತ್ತ ಹ್ಯಾಂಗ್ರಿ? ಒಂದ ಹಟ್ಟಿ ಕಾಯೂ ನಾಯಿಗೋಳು ಒಂದ ಪರಾತದಾಗ ಉಣಬೇಕ್ರಿ. ಒಂದಕ್ಕ ಬ್ಯಾರೆ ಹಾಕಿದ್ರ ಮುಂದ ಒಂದರ ಸಲುವಾಗಿ ಒಂದು ಓಡೂದಿಲ್ಲ."

ಅದು ಅವರ ಹಿರಿಯರಿಂದ ಬಂದ ಕಟ್ಟಳೆ. ಕುರಿ ಕಾಯುವುದು ಒಂದು ನಾಯಿಯ ಕೆಲಸವಲ್ಲ. ಹಂಚಿ ಉಂಡವು ಹಂಚಿ ಕಾಯುತ್ತವೆ. ಯೋಚಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ನನ್ನದು. ಊಟದಲ್ಲಿ ಹಾಕಿ ಕೊಡು ಎಂದಿದ್ದೆ. ಊಟ ಎಂದರೆ ನನ್ನ ಕಣ್ಣ ಮುಂದೆ ಇದ್ದದ್ದು ಪೇಟೆಯ ಮನೆಗಳ ನಾಯಿ, ಅದರದೇ ಒಂದು ತಟ್ಟೆ. ಲಕ್ಕವ್ವ ನಾನು ಹೇಳಿದ್ದನ್ನು ಮೂವತ್ತು ದಿನ ಅಕ್ಷರಶಃ ಮಾಡಿದ್ದಳು. ಗುಳಿಗೆಯ ಮುಕ್ಕಾಲು ಪಾಲು ಹೋದದ್ದು ಭಯವೇ ಇಲ್ಲದ ಎರಡು ನಾಯಿಗಳ ಹೊಟ್ಟೆಗೆ.

ಇದನ್ನು ಬಿಡಿಸಿ ಹೇಳಿದೆ. ತೋಳ ಬಂದಾಗ ನಾಯಿಗಳು ಏಳದಿದ್ದುದು ಗುಳಿಗೆಯಿಂದಲೇ ಎಂದು ಖಚಿತವಾಗಿ ಹೇಳಲಾರೆ, ಆದರೆ ಇರಬಹುದು, ಹಾಗಿದ್ದರೆ ಆ ಮರಿ ಹೋದದ್ದು ನನ್ನಿಂದ ಎಂದೂ ಹೇಳಿದೆ. ಬೀರಪ್ಪ ಬೈಯುತ್ತಾನೆಂದು ಕಾದೆ. ಅವನು ಪರಾತ ನೋಡಿದ, ಮೋತ್ಯಾನನ್ನು ನೋಡಿದ.

"ಅಂದ್ರ ಇಷ್ಟ ದಿನ ನೀವು ಕರಿಯಾ-ಮೋತ್ಯಾನ ಅಂಜಿಕಿ ಬಿಡಸೀರಿ," ಅಂದ. "ಅವಕ್ಕ ಅದು ಮೊದಲ ಇರಲಿಲ್ಲರಿ ಬಾಯಾರ."

ನಗಬೇಕೋ ಬೇಡವೋ ಎಂದು ನಾನು ತಡವರಿಸುವಾಗ ಅವನೇ ನಕ್ಕ. ಆದರೆ ಮಾತು ಸೋಮವಾರಕ್ಕೇ ಮರಳಿತು. ಇನ್ನೆಷ್ಟು ದಿನ ಎಂದು ಕೇಳಿದ. ಮೊದಲಿನಿಂದ ಎಣಿಸಬೇಕು, ಆರು ವಾರ ಎಂದೆ. ಅವನು ತಲೆ ಅಲ್ಲಾಡಿಸಿದ. ಕಚ್ಚಿದ ನಾಯಿ, ಇನ್ನೂ ಆರು ವಾರ, ಆಮೇಲೂ ಗುಣವಾಗುವ ಭರವಸೆ ಇಲ್ಲ. ಅವನ ಲೆಕ್ಕ ತಪ್ಪೆಂದು ನಾನು ಹೇಳಲಾರೆ.

ಲಕ್ಕವ್ವ ಎದ್ದು ಪರಾತ ತೊಳೆಯುತ್ತಿದ್ದಳು. ತೊಳೆಯುತ್ತಲೇ, ಗಂಡನ ಮುಖ ನೋಡದೆ ಹೇಳಿದಳು:

"ಸಣ್ಣಾಕಿ ಹುಟ್ಟಿದಾಗ ನನಗೂ ಹಿಂಗ ಆಗಿತ್ತಲ್ರಿ. ಕೂಸಿನ ಮುಟ್ಟಾಕ ಅಂಜತಿದ್ದೆ. ಜಮಖಂಡಿ ಡಾಕ್ಟರು ಇಂಥದ ಗುಳಗಿ ಕೊಟ್ಟಿದ್ರು. ಎಂಟು ವಾರ ಹಿಡೀತು. ಆವಾಗ ನೀವು ನನ್ನ ಹೊಳಿ ದಾಟಿಸಿ ಬಿಟ್ಟು ಬಂದ್ರೇನು?"

ಬೀರಪ್ಪ ಎದ್ದು ಹೊರಗೆ ಹೋದ. ಕಬ್ಬಿನ ರವದಿಯಲ್ಲಿ, ಆ ಒಣ ಗರಿಗಳ ನಡುವೆ, ಚದುರಿದ್ದ ಕುರಿಗಳನ್ನು ಸುಮ್ಮನೆ ಒಂದು ಕಡೆಗೆ ತಿರುವಿದ, ಮತ್ತೆ ಇನ್ನೊಂದು ಕಡೆಗೆ ತಿರುವಿದ. ಎಷ್ಟು ದಿನ, ಮರೆತರೆ ಏನು ಎಂದು ಅವಳು ಎರಡೇ ಪ್ರಶ್ನೆ ಕೇಳಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಉಳಿದುದೆಲ್ಲ ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಬೀರಪ್ಪ ಬಂದು, ಹಂಗಾಮಿನ ಕೊನೆಗೆ ಕುರಿ ಹೊಡೆದುಕೊಂಡು ಬೀಳಗಿ ಕಡೆ ಹೋಗುವುದಿದೆ, ಅಲ್ಲಿಯತನಕ ಇರಲಿ ಎಂದ. ನೋಟುಬುಕ್ಕು ತೆಗೆದು ಲೆಕ್ಕ ಹಾಕಿದೆ. ನಲವತ್ತಾರು ದಿನ. ಆ ದಾರಿಯೆಂದರೆ ಕಬ್ಬಿನ ಟ್ರ್ಯಾಕ್ಟರು ಓಡುವ ಡಾಂಬರು ರಸ್ತೆ. ಅಲ್ಲಿ ಪಾರಿ ಬೆದರಿದರೆ ತೊಂಬತ್ತು ಕುರಿಯೂ ಗಾಲಿಗೆ. ಪರೀಕ್ಷೆ ಯಾವುದೆಂದು ಮೂವರಿಗೂ ಗೊತ್ತಾಯಿತು.

ಇನ್ನು ಮೇಲೆ ಪಾರಿಯನ್ನು ದೂರ ಒಯ್ದು ಬೇರೆ ತಟ್ಟೆಯಲ್ಲಿ ಹಾಕು ಎಂದು ನಾನು ಸಲಹೆ ಕೊಟ್ಟೆ. ಲಕ್ಕವ್ವ ಒಪ್ಪಲಿಲ್ಲ. ಎದುರು ಮಾತೂ ಆಡಲಿಲ್ಲ. ಮರುದಿನ ಸಂಜೆಯ ದನಿಯಲ್ಲಿ ತಾನು ಮಾಡಿದ್ದನ್ನು ತಿಳಿಸಿದಳು. ಜೋಳದ ಹಿಟ್ಟಿಗೆ ಬೆಣ್ಣೆ ಹಾಕಿ ಮೂರು ಉಂಡೆ ಕಟ್ಟಿದಳು, ಒಂದೇ ಗಾತ್ರ. ಗುಳಿಗೆ ಒಂದರೊಳಗೆ. ಮೂರನ್ನೂ ಅದೇ ಪರಾತದಲ್ಲಿಟ್ಟು, ಹೆಸರು ಹಿಡಿದು ಕರೆದು, ಮೊದಲು ಮೋತ್ಯಾನ ಬಾಯಿಗೆ, ಆಮೇಲೆ ಕರಿಯಾನ ಬಾಯಿಗೆ, ಅವು ಅಗಿಯುವಷ್ಟರಲ್ಲಿ ಪಾರಿಯ ಬಾಯಿಗೆ. ಅದಾದ ಮೇಲೆ ಎಂದಿನ ನುಚ್ಚು ಮಜ್ಜಿಗೆ, ಮೂರೂ ಕೂಡಿ. "ಪರಾತ ಒಂದ ಐತ್ರಿ," ಎಂದು ಕೊನೆಗೆ ಸೇರಿಸಿದ್ದಳು. ಅವಳ ಕಟ್ಟಳೆಯೂ ಉಳಿಯಿತು, ನನ್ನ ಔಷಧವೂ ಸರಿಯಾದ ಬಾಯಿಗೆ ಹೋಯಿತು. ಯಾವ ಪುಸ್ತಕದಲ್ಲೂ ನಾನು ಇದನ್ನು ಓದಿಲ್ಲ.

ಫ್ಲೂಆಕ್ಸಿಟಿನ್ ಮೈಯಿಂದ ನಿಧಾನವಾಗಿ ಇಳಿಯುವ ಔಷಧ. ಕರಿಯಾ, ಮೋತ್ಯಾಗಳಿಗೆ ನಿಲ್ಲಿಸಿದ್ದರಿಂದ ತೊಂದರೆಯಾಗಲಿಲ್ಲ. ಹೊಸ ಲೆಕ್ಕದ ಹನ್ನೆರಡನೆಯ ದಿನ ಹೋದಾಗ ಎರಡೂ ಮೈಮೇಲೆ ಬಂದು ನನ್ನನ್ನು ಗಾಡಿಯಲ್ಲೇ ಕೂರಿಸಿದವು. ಬೊಗಳಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಸೇವೆಯಲ್ಲಿ ಅದೊಂದೇ ಸಲ.

ಪಾರಿಯ ಸುಧಾರಣೆ ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬರಲಿಲ್ಲ. ಲಕ್ಕವ್ವ ಮೊಬೈಲಿನ ದನಿಯನ್ನು ಪರದೆಯ ಮೇಲಿನ ಗೆರೆಯಿಂದ ಅಳೆಯುತ್ತಿದ್ದಳು, ಅದಕ್ಕೆ ಕಡ್ಡಿ ಎನ್ನುತ್ತಿದ್ದಳು. ಹತ್ತೊಂಬತ್ತನೆಯ ದಿನ ಎರಡು ಕಡ್ಡಿಯ ಹಾಡಿಗೆ ಪಾರಿ ರೊಟ್ಟಿ ತಿಂದಿತು. ಇಪ್ಪತ್ನಾಲ್ಕನೆಯ ದಿನ ನಾಲ್ಕು ಕಡ್ಡಿ. ಇಪ್ಪತ್ತೇಳನೆಯ ದಿನ ಪಕ್ಕದ ಹೊಲಕ್ಕೇ ಕಬ್ಬು ತುಂಬಲು ಟ್ರ್ಯಾಕ್ಟರು ಬಂತು, ಪಾರಿ ಎರಡು ಕಿಲೋಮೀಟರು ಓಡಿ ಕಾಲುವೆಯ ಕಿರುಸೇತುವೆಯ ಕೆಳಗೆ ಅವಿತುಕೊಂಡಿತು. ಅಂದಿನ ದನಿ ಬಹಳ ಸಣ್ಣದು: "ಓಡಿದ್ಳರಿ. ಬಂದಾಳ. ಇವರಿಗಿ ಗೊತ್ತಿಲ್ರಿ, ನೀವೂ ಹೇಳಬ್ಯಾಡ್ರಿ." ಹೇಳಲಿಲ್ಲ. ಎರಡು ದಿನದ ಬಳಿಕ ಬೀರಪ್ಪ ಕುರಿಯ ಜಂತಿನ ಔಷಧಕ್ಕೆ ಬಂದವನು, ಸೇತುವೆಯ ಕೆಳಗೆ ಕೂತ ನಾಯಿಯನ್ನು ಹೊರಗೆ ಕರೆಯುವುದು ಹೇಗೆ, ತಾನು ಒಂದು ತಾಸು ಎದುರು ಕುಳಿತು ಸಾಕಾಯಿತು ಎಂದ. ಹೆಂಡತಿಗೆ ಹೇಳಬೇಡಿ, ಸುಮ್ಮನೆ ಚಿಂತೆ ಮಾಡುತ್ತಾಳೆ ಎಂದೂ ಸೇರಿಸಿದ. ಇಬ್ಬರ ಗುಟ್ಟನ್ನೂ ನಾನು ಕಾಪಾಡಿದೆ.

ಮೂವತ್ತಮೂರನೆಯ ದಿನದಿಂದ ಬದಲಾವಣೆ ಕಂಡಿತು. ಇನ್ನೂರು ಗಜ ದೂರದಲ್ಲಿ ಟ್ರ್ಯಾಕ್ಟರು ಹೋದಾಗ ಪಾರಿ ಎದ್ದು ನಿಂತಿತು, ಓಡಲಿಲ್ಲ. ಮೂವತ್ತೆಂಟಕ್ಕೆ ನಿಂತಲ್ಲಿಂದ ಲಕ್ಕವ್ವನ ಹತ್ತಿರ ನಡೆದು ಬಂತು. ಓಡುವ ಬದಲು ಬರಲು ಕಲಿತದ್ದು ಅದೇ ಮೊದಲು. ನಲವತ್ತೊಂದಕ್ಕೆ ಏಳು ಕಡ್ಡಿಯ ಹಾಡಿಗೆ ಉಸಿರು ನಿಮಿಷಕ್ಕೆ ನಲವತ್ತು. ನಾನೇ ಹೋಗಿ ಎಣಿಸಿದೆ.

ನಲವತ್ತಾರನೆಯ ದಿನ ಬೀಳಗಿ ದಾರಿಯ ಒಂದು ಹಳ್ಳಿಯಲ್ಲಿ ನನಗೆ ಲಸಿಕೆ ಕೆಲಸವಿತ್ತು. ಇತ್ತೆಂದು ಬರೆಯುತ್ತೇನೆ, ನಿಜ ಹೇಳಬೇಕೆಂದರೆ ಆ ಹಳ್ಳಿಯ ಸರದಿ ಮರುವಾರವಿತ್ತು, ನಾನು ಒಂದು ವಾರ ಮೊದಲೇ ಇಟ್ಟುಕೊಂಡೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವರನ್ನು ರಸ್ತೆಯಲ್ಲಿ ಹಿಡಿದೆ. ಮುಂದೆ ಬೀರಪ್ಪ, ಅವನ ಕೈಯ ಹಗ್ಗದಲ್ಲಿ ಪಾರಿ. ನಡುವೆ ಕುರಿ. ಹಿಂದೆ ಲಕ್ಕವ್ವ, ಅವಳ ಎರಡು ಮಗ್ಗುಲಿಗೆ ಕರಿಯಾ, ಮೋತ್ಯಾ. ನಾನು ಗಾಡಿಯನ್ನು ಬಂದ್ ಮಾಡಿ ತಳ್ಳಿಕೊಂಡು ಹಿಂದೆ ನಡೆದೆ.

ಮೊದಲ ಟ್ರ್ಯಾಕ್ಟರಿಗೆ ಹಾಡಿರಲಿಲ್ಲ. ಎರಡನೆಯದು ಬರುವುದಕ್ಕಿಂತ ಮುಂಚೆ ಹಾಡು ಬಂತು. ಲಕ್ಕವ್ವ ಕುರಿಗಳ ಪಕ್ಕದಿಂದ ಬೇಗ ಬೇಗ ಮುಂದೆ ಹೋದಳು. ಪಾರಿಯ ಬೆನ್ನು ಬಾಗಿತು, ಬಾಲ ಹೊಟ್ಟೆಯ ಕೆಳಗೆ ಸೇರಿತು. ಬೀರಪ್ಪ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ. ಟ್ರೇಲರಿನ ಕಬ್ಬು ನಮ್ಮ ತಲೆಯ ಮೇಲೆ ಹಾದುಹೋದಂತೆ ಹೋಯಿತು. ನೆಲ ಅದುರಿತು. ಪಾರಿ ನಡುಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಡುಗುತ್ತಲೇ ತಿರುಗಿ ಲಕ್ಕವ್ವನನ್ನು ಹುಡುಕಿತು, ಸಿಕ್ಕಳು, ಅವಳ ಅಂಗೈಯೊಳಗೆ ಮೋರೆ ಇಟ್ಟಿತು. ಬಲಗೈ. ಟ್ರ್ಯಾಕ್ಟರು ಪೂರ್ತಿ ದಾಟುವತನಕ ಹಾಗೇ ನಿಂತಿತ್ತು. ಒಂದು ಕುರಿಯೂ ಸಾಲು ಬಿಡಲಿಲ್ಲ.

ಹಾಡು ದೂರವಾಯಿತು. ಬೀರಪ್ಪ ಬಗ್ಗಿ ಪಾರಿಯ ಕುತ್ತಿಗೆಯ ಗಂಟು ಬಿಚ್ಚಿದ. ಹಗ್ಗವನ್ನು ಮಡಚಿ ಹೆಂಡತಿಯ ಬುಟ್ಟಿಗೆ ಹಾಕಿದ. "ನಡಿಬೇ, ಬಿಸಲಾಕೈತಿ," ಎಂದ. ಹೆಂಡತಿಗೆ ಹೇಳಿದನೋ ನಾಯಿಗೋ, ಇಬ್ಬರೂ ನಡೆದರು.

ಪಾರಿಗೆ ಮುಂದೆ ನಾಲ್ಕು ತಿಂಗಳು ಗುಳಿಗೆ ನಡೆಯಿತು, ಆಮೇಲೆ ಎರಡು ತಿಂಗಳಲ್ಲಿ ಅರ್ಧ, ಕಾಲು ಎಂದು ಇಳಿಸಿದೆವು. ಪೂರ್ತಿ ಧೈರ್ಯದ ನಾಯಿಯೇನೂ ಆಗಲಿಲ್ಲ. ಮೆರವಣಿಗೆಯ ಡಿಜೆಗೆ ಇಂದಿಗೂ ಹೆದರುತ್ತದೆ, ಹಂಗಾಮು ಶುರುವಾಗುವ ಒಂದು ತಿಂಗಳು ಮೊದಲು ಮತ್ತೆ ಗುಳಿಗೆ ಶುರುಮಾಡುತ್ತೇವೆ. ಆದರೆ ಯಾರನ್ನೂ ಕಚ್ಚಿಲ್ಲ. ಇದನ್ನು ಓದಿ ಯಾರೂ ತಮ್ಮ ನಾಯಿಗೆ ತಾವೇ ಗುಳಿಗೆ ತರಬಾರದು. ಪರೀಕ್ಷೆ ಇಲ್ಲದೆ, ಪಾಠ ಕಲಿಸದೆ ಕೊಟ್ಟ ಗುಳಿಗೆಯಿಂದ ನಾಯಿ ಮಂಕಾಗುತ್ತದೆ ಅಷ್ಟೆ.

ಆ ಹಂಗಾಮಿನ ನಂತರ ರನ್ನ ಬೆಳಗಲಿ, ಬನಹಟ್ಟಿ ಕಡೆಯಿಂದಲೂ ಇಂಥ ನಾಯಿಗಳು ಬಂದವು. ಏಳಕ್ಕೆ ಚೀಟಿ ಬರೆದಿದ್ದೇನೆ, ನಾಲ್ಕು ಸುಧಾರಿಸಿವೆ. ಬರೆಯುವ ಮೊದಲು ಈಗ ಅವರ ಮನೆಗೆ ಹೋಗುತ್ತೇನೆ, ನಾಯಿ ಉಣ್ಣುವ ಹೊತ್ತಿಗೇ ಹೋಗುತ್ತೇನೆ. ಒಂದು ಕಡೆ ಕುಳಿತು ಯಾರು ಹಾಕುತ್ತಾರೆ, ಎಲ್ಲಿ ಹಾಕುತ್ತಾರೆ, ಯಾರು ಮೊದಲು ತಿನ್ನುತ್ತಾರೆ ನೋಡುತ್ತೇನೆ. ಕಾಯಿಲೆಯನ್ನು ಪುಸ್ತಕದಿಂದ ಕಲಿಯಬಹುದು. ಅದು ವಾಸವಾಗಿರುವ ಮನೆಯನ್ನು ಆ ಮನೆಯವರೇ ಕಲಿಸಬೇಕು, ಕಲಿಯುವಷ್ಟು ಹೊತ್ತು ನಾವು ಅಲ್ಲಿ ಕೂರಬೇಕು. ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಮೇಲೆ ಇದನ್ನು ನನಗೆ ಕಲಿಸಿದವಳು ಲಕ್ಕವ್ವ. ತಾನು ಕಲಿಸಿದೆನೆಂದು ಅವಳಿಗೆ ಗೊತ್ತಿಲ್ಲ. ಹೇಳಿದರೆ ನಕ್ಕು, ಊಟ ಆತೇನ್ರಿ ಎಂದು ಕೇಳುತ್ತಾಳೆ.